ಕಾಟಾ ಸರಿ ಇದ್ದರೆ ಮುಗಿಯಿತೇ?

ಮುಧೋಳ, ಜಮಖಂಡಿ, ಗೋಕಾಕ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ರೈತರ ಬಾಯಲ್ಲಿ ಒಂದು ಶಬ್ದ ದಿನಕ್ಕೆ ನೂರು ಸಲ ಬರುತ್ತದೆ: ಕಾಟಾ. ಕಾರ್ಖಾನೆಯ ಗೇಟಿನೊಳಗೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಬಂದು ನಿಲ್ಲುವ ತೂಕದ ಜಾಗ ಅದು. ಅದರ ಮೇಲೆ ರೈತನಿಗೆ ಎಂದೂ ಪೂರಾ ನಂಬಿಕೆ ಇಲ್ಲ. ‘ಕಾಟಾ ಹೊಡದ್ರು’ ಎಂದರೆ ತೂಕದಲ್ಲಿ ಮೋಸ ಮಾಡಿದರು ಎಂದರ್ಥ. ಹೊರಗಿನ ಕಾಟಾದಲ್ಲಿ ಒಮ್ಮೆ ತೂಗಿಸಿ, ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಕಾರ್ಖಾನೆಗೆ ಹೋಗುವವರಿದ್ದಾರೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲೇ ಕೂತರು. ಸರ್ಕಾರ ಕೊನೆಗೆ 3,300ಕ್ಕೆ ಬಂದು ನಿಂತಿತು. ಅದು ದರದ ಜಗಳ. ಆದರೆ ನಮ್ಮಲ್ಲಿ ದರದ ಮಾತು ಎಲ್ಲೇ ಶುರುವಾಗಲಿ, ಅದರ ಬೆನ್ನಿಗೇ ಕಾಟಾದ ಮಾತು ಬಂದೇ ಬರುತ್ತದೆ.

ನಮ್ಮ ಮಕ್ಕಳನ್ನು ತೂಗಲಿಕ್ಕೂ ಒಂದು ಕಾಟಾ ಇದೆ. ಅದಕ್ಕೆ ಮೆರಿಟ್ ಎನ್ನುತ್ತೇವೆ. ಅದರ ಬಗ್ಗೆ ಈ ನಾಲ್ಕೈದು ವರ್ಷ ನಡೆದಿರುವ ಗಲಾಟೆಯೆಲ್ಲ ‘ಕಾಟಾ ಹೊಡದ್ರು’ ಎನ್ನುವುದೇ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗೆ ನಡೆದ ಪರೀಕ್ಷೆಯನ್ನು ನೆನೆಸಿಕೊಳ್ಳಿ. ಸುಮಾರು 54,000 ಮಂದಿ ಬರೆದಿದ್ದರು. ಬ್ಲೂಟೂತ್, ತಿದ್ದಿದ ಓಎಂಆರ್ ಹಾಳೆ, ಬಂಧನಗಳು. 2022ರ ಏಪ್ರಿಲ್ ಕೊನೆಗೆ ಆಯ್ಕೆ ಪಟ್ಟಿಯೇ ರದ್ದು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟ್ 27ಕ್ಕೆ 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರವೇ ಮರುಪರೀಕ್ಷೆ ಮಾಡಿಸಬೇಕಾಯಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳು ಮತ್ತೆ ಕಂಡವು. ಕನ್ನಡ ನಾಡಿನ ಆಡಳಿತಕ್ಕೆ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯಲ್ಲಿ ಕನ್ನಡದಲ್ಲಿ ಓದಿದವನು ಪ್ರಶ್ನೆ ಅರ್ಥವಾಗದೆ ಇಂಗ್ಲಿಷ್ ಸಾಲಿನ ಮೇಲೆ ಕಣ್ಣಾಡಿಸಬೇಕು. ಪಕ್ಕದ ಬೆಂಚಿನವನಿಗೆ ಆ ನಿಮಿಷಗಳು ಉಳಿತಾಯ.

ಇವೆಲ್ಲ ನಿಜವಾದ ಅನ್ಯಾಯ. ಬೀದಿಗಿಳಿದವರು ಇಳಿದದ್ದು ಸರಿಯೇ. ಆದರೆ ಈ ಗಲಾಟೆಯಲ್ಲಿ ಇನ್ನೊಂದು ಪ್ರಶ್ನೆ ಹೂತುಹೋಗಿದೆ. ನಾಳೆಯಿಂದ ಒಂದು ಪೇಪರೂ ಸೋರಿಕೆಯಾಗಲಿಲ್ಲ, ಅನುವಾದವೂ ಚೊಕ್ಕ, ಎಲ್ಲ ಕೋಣೆಗೂ ಕ್ಯಾಮೆರಾ ಎಂದು ಇಟ್ಟುಕೊಳ್ಳಿ. ಆಗ ಬರುವ ಪಟ್ಟಿ ನ್ಯಾಯದ ಪಟ್ಟಿಯೇ? ಕಾಟಾ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಹೇಳುವುದು ಟ್ರೇಲರಿನಲ್ಲಿ ಎಷ್ಟು ಟನ್ ಇದೆ ಎಂಬುದನ್ನು ಮಾತ್ರ. ಕಬ್ಬು ಬೆಳೆದದ್ದು ಘಟಪ್ರಭಾ ಕಾಲುವೆಯ ಬುಡದಲ್ಲೋ, ನಾಲ್ಕು ಸಲ ಬೋರ್ ಕೊರೆಸಿ ಸೋತ ಮಡ್ಡಿಯಲ್ಲೋ ಎಂಬುದು ಚೀಟಿಯಲ್ಲಿ ಬರುವುದಿಲ್ಲ. ರೈತನಿಗೆ ಇದು ಗೊತ್ತು. ತನಗೆ ಎಕರೆಗೆ ಹೆಚ್ಚು ಟನ್ ಬಂತೆಂದು ಮಡ್ಡಿಯವನನ್ನು ಯಾರೂ ದಡ್ಡ ಎನ್ನುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಮಗೆ ಈ ತಿಳಿವಳಿಕೆ ಕೈಕೊಡುತ್ತದೆ.

ಕಾಟಾಕ್ಕೆ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಿಬಿಡೋಣ. ಮೆರಿಟ್ ಪದ್ಧತಿ ಬಂದದ್ದು ವಶೀಲಿ, ಲಂಚ, ಹುಟ್ಟಿದ ಮನೆತನ ಇವುಗಳ ಜಾಗಕ್ಕೆ. ಕರ್ನಾಟಕದಲ್ಲಿ 1994ರಿಂದ ಸಿಇಟಿ ನಡೆಯತೊಡಗಿತು. ಅದಕ್ಕೂ ಮೊದಲು ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಡೊನೇಶನ್ ಚೀಲ ಹಿಡಿದು ಬಾಗಿಲಿಗೆ ಅಲೆಯುವುದೇ ಇಂಜಿನಿಯರಿಂಗ್, ಮೆಡಿಕಲ್ ಸೀಟಿನ ದಾರಿಯಾಗಿತ್ತು. ಸಿಂದಗಿಯ, ಹುನಗುಂದದ ಹುಡುಗರು ಒಂದು ರ್‍ಯಾಂಕಿನ ಬಲದ ಮೇಲೆ ಬೆಂಗಳೂರಿನ ಸರ್ಕಾರಿ ಕಾಲೇಜಿಗೆ ಹೋದದ್ದು ಸಣ್ಣ ಸಂಗತಿಯಲ್ಲ. ಆ ಹಳೆಯ ದಾರಿಯೇ ಚೆಂದವಿತ್ತು ಎಂದು ಹೇಳುವವರು ಒಮ್ಮೆಯೂ ಆ ಬಾಗಿಲಲ್ಲಿ ನಿಂತವರಲ್ಲ.

ಇನ್ನು ಮೆರಿಟಾಕ್ರಸಿ ಎಂಬ ಶಬ್ದ. ಇದನ್ನು ಜನರ ಬಾಯಿಗೆ ತಂದವರು ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕೆಲ್ ಯಂಗ್, 1958ರಲ್ಲಿ. ಅವರು ಬರೆದದ್ದು ಹೊಗಳಿಕೆಯನ್ನಲ್ಲ, ವಿಡಂಬನೆಯನ್ನು. ಬುದ್ಧಿಮಟ್ಟ ಮತ್ತು ಶ್ರಮವನ್ನು ಕೂಡಿ ಮೆರಿಟ್ ಎಂದು ಅಳೆದು, ಅದರ ಪ್ರಕಾರ ಜನರನ್ನು ಮೇಲೆ ಕೆಳಗೆ ಹಾಕುವ ಸಮಾಜವೊಂದನ್ನು ಕಲ್ಪಿಸಿ, ಅದು ಎಷ್ಟು ಕ್ರೂರವಾಗುತ್ತದೆ ಎಂದು ತೋರಿಸಿದ್ದರು. ಗೆದ್ದವರಿಗೆ ತಾವು ಯಾರ ಋಣದಲ್ಲೂ ಇಲ್ಲ ಎಂಬ ಸೊಕ್ಕು ಬರುತ್ತದೆ. ಸೋತವರಿಗೆ ವಿಧಿಯನ್ನೋ ದೊರೆಯನ್ನೋ ಬೈದುಕೊಳ್ಳುವ ಸಮಾಧಾನವೂ ಇಲ್ಲ, ತಪ್ಪು ನನ್ನದೇ ಎಂದು ಕುಗ್ಗುತ್ತಾರೆ. ನಾಲ್ಕು ದಶಕದ ಮೇಲೆ ತಮ್ಮ ದೇಶದ ಪ್ರಧಾನಿಯೇ ಆ ಬೈಗುಳವನ್ನು ಆದರ್ಶವೆಂದು ಭಾಷಣದಲ್ಲಿ ಹೇಳುವುದನ್ನು ಕಂಡು 2001ರಲ್ಲಿ ಯಂಗ್ ಪತ್ರಿಕೆಯಲ್ಲಿ ಬೇಸರ ತೋಡಿಕೊಂಡರು. ಮೆರಿಟ್ ಮೆರಿಟ್ ಎಂದು ವೇದಿಕೆಯ ಮೇಲೆ ಕೂಗುವವರಿಗೆ ಈ ಕತೆ ಗೊತ್ತಿರುವುದಿಲ್ಲ.

ರೂಮು, ಮೆಸ್ಸು, ಡೋಣಿ

ನಮ್ಮಕ್ಕನ ದೊಡ್ಡ ಮಗ ವಿಜಯಪುರದಲ್ಲಿ ರೂಮು ಮಾಡಿ ಐದು ವರ್ಷವಾಯಿತು. ಬಿಎ ಮುಗಿಸಿದ್ದಾನೆ. ಪಿಸಿ, ಪಿಎಸ್‌ಐ, ಎಫ್‌ಡಿಎ, ಪಿಡಿಒ, ಯಾವ ಅರ್ಜಿ ಕರೆದರೂ ಹಾಕುತ್ತಾನೆ. ಮೂವರು ಸೇರಿ ಒಂದು ರೂಮು. ಮುಂಜಾನೆ ಮೈದಾನದಲ್ಲಿ ಓಟ, ಆಮೇಲೆ ಕೋಚಿಂಗು, ಸಂಜೆ ತಿಂಗಳ ಬಾಡಿಗೆ ಕೊಟ್ಟು ಕೂರುವ ಓದಿನ ಕೋಣೆ, ರಾತ್ರಿ ಖಾನಾವಳಿ. ಎಲ್ಲ ಸೇರಿ ತಿಂಗಳಿಗೆ ಆರೇಳು ಸಾವಿರ. ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಹೋದ ವರ್ಷ ಊರ ಜಾತ್ರೆಗೆ ಅವನು ಬರಲಿಲ್ಲ. ಫೋನು ಮಾಡಿ ಕೇಳಿದೆ.

‘ಬಂದ್ರ ಎಲ್ಲಾರೂ ಅದನ್ನ ಕೇಳ್ತಾರ ಮಾಮಾ, ಆತೇನಪಾ ಅಂತ. ಆಗಿಲ್ಲ ಅಂತ ಎಷ್ಟ್ ಮಂದಿಗೆ ಹೇಳ್ಲಿ?’

ಆತೇನು ಎಂಬುದಕ್ಕೆ ನಮ್ಮಲ್ಲಿ ಕರ್ತೃವೂ ಬೇಡ, ಕರ್ಮವೂ ಬೇಡ. ಏನು ಆಗಬೇಕು ಎಂಬುದು ಕೇಳುವವನಿಗೂ ಗೊತ್ತು, ಕೇಳಿಸಿಕೊಂಡವನಿಗೂ ಗೊತ್ತು.

ಲೆಕ್ಕ ನೋಡಿ. 545 ಹುದ್ದೆಗೆ 54,000 ಮಂದಿ ಎಂದರೆ ಒಂದು ಹುದ್ದೆಗೆ ಹೆಚ್ಚುಕಮ್ಮಿ 99 ಜನ. ಎಲ್ಲರೂ ದೇವರಂತೆ ಓದಿದರೂ 98 ಜನ ಮನೆಗೇ. ಇಂಥ ಕಡೆ ಅದೃಷ್ಟದ ಪಾಲು ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಫಲಿತಾಂಶದಲ್ಲಿ ನೂರಕ್ಕೆ 95 ಪಾಲು ಬುದ್ಧಿ ಮತ್ತು ಶ್ರಮ, 5 ಪಾಲು ಮಾತ್ರ ಅದೃಷ್ಟ ಎಂದೇ ಹಿಡಿಯಿರಿ. 54,000 ಜನರಲ್ಲಿ ಬುದ್ಧಿ, ಶ್ರಮ ಎರಡರಲ್ಲೂ ತುದಿಯ ಹತ್ತಿರ ಬಂದವರು ಕೆಲವು ಸಾವಿರ ಇರಬಹುದು. ಆ ತುದಿಯಲ್ಲಿ ಒಬ್ಬರ 95 ಪಾಲಿಗೂ ಇನ್ನೊಬ್ಬರ 95 ಪಾಲಿಗೂ ಅಂತರ ತೀರ ಸಣ್ಣದು. ಹಾಗಾದಾಗ ಅವರಲ್ಲಿ 545 ಜನರನ್ನು ಬೇರೆ ಮಾಡುವುದರಲ್ಲಿ ಉಳಿದ ಆ 5 ಪಾಲಿನ ಕೈ ದೊಡ್ಡದು: ಆ ದಿನ ಜ್ವರ ಬಂತೋ ಇಲ್ಲವೋ, ಹಿಂದಿನ ರಾತ್ರಿ ತಿರುವಿದ ಪುಟದಿಂದಲೇ ಪ್ರಶ್ನೆ ಬಿತ್ತೋ ಇಲ್ಲವೋ. ಆಯ್ಕೆಯಾದವರು ಶಾಣ್ಯಾರು ನಿಜ. ಆದರೆ ಪಟ್ಟಿಯ ಕೆಳಗೆ ಉಳಿದ ಎರಡು ಸಾವಿರ ಜನ ಅವರಿಗಿಂತ ದಡ್ಡರು ಎಂದು ಹೇಳಲಿಕ್ಕೆ ಆ ಪಟ್ಟಿಯಲ್ಲಿ ಪುರಾವೆಯಿಲ್ಲ.

ಇದು ಪರೀಕ್ಷೆಯ ದಿನದ ಅದೃಷ್ಟ. ಹುಟ್ಟಿನ ಅದೃಷ್ಟ ಇದಕ್ಕಿಂತ ದೊಡ್ಡದು. ‘ಡೋಣಿ ಹರಿದರ ಓಣೆಲ್ಲ ಜ್ವಾಳ’ ಎಂಬ ಗಾದೆ ವಿಜಯಪುರದ ಎಲ್ಲ ಮುದುಕರಿಗೂ ಬಾಯಿಪಾಠ. ಡೋಣಿ ಹೊಳೆಯ ದಂಡೆಯ ಎರೆ ಹೊಲದವನು ಉತ್ತಿದ್ದೂ ಬಿತ್ತಿದ್ದೂ ನಿಜ, ಬೆವರು ಸುರಿಸಿದ್ದೂ ನಿಜ. ಆದರೂ ಗಾದೆ ಜೋಳದ ಯಶಸ್ಸನ್ನು ಕೊಟ್ಟದ್ದು ಹೊಳೆಗೆ. ಈಗಿನ ಕೋಚಿಂಗ್ ಕೇಂದ್ರದ ಫ್ಲೆಕ್ಸಿನಲ್ಲಿ ಹೊಳೆ ಕಾಣುವುದಿಲ್ಲ, ತೆನೆಯ ಫೋಟೊ ಮಾತ್ರ.

ತೂಕ ಎಷ್ಟು ಬೇಗ ಶುರುವಾಗುತ್ತದೆ ಗೊತ್ತೇ? ವಿಜಯಪುರದ ಸೈನಿಕ ಶಾಲೆ 1963ರದ್ದು. ಆರನೇ ತರಗತಿಗೆ ಪ್ರವೇಶ ಪರೀಕ್ಷೆ. ನವೋದಯಕ್ಕೂ ಆರನೆಯದಕ್ಕೇ, ಕಿತ್ತೂರಿನ ಹೆಣ್ಣುಮಕ್ಕಳ ಸೈನಿಕ ಶಾಲೆಗೂ ಪರೀಕ್ಷೆ, ಮೊರಾರ್ಜಿ ವಸತಿ ಶಾಲೆಗಳಿಗೂ ಪರೀಕ್ಷೆ. ಹಾಗಾಗಿ ಒಂಬತ್ತು ಹತ್ತು ವರ್ಷದ ಮಕ್ಕಳನ್ನು ತಾಯಿಯ ಮಗ್ಗುಲಿನಿಂದ ಎಬ್ಬಿಸಿ ವಿಜಯಪುರದ ಕೋಚಿಂಗ್ ಹಾಸ್ಟೆಲ್ಲಿಗೆ ಬಿಟ್ಟು ಬರುವುದು ಈಗ ನಮ್ಮ ಹಳ್ಳಿಗಳಲ್ಲಿ ಮಾಮೂಲು. ಬಿಟ್ಟು ಬರಲು ದುಡ್ಡಿದ್ದವರಿಗೆ. ಅದೇ ವಯಸ್ಸಿನ ಇನ್ನೊಂದು ಮಗು ದೀಪಾವಳಿ ಮುಗಿಯುತ್ತಲೇ ಅಪ್ಪ ಅವ್ವನ ಜೊತೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹೊರಟಿರುತ್ತದೆ. ಗ್ಯಾಂಗ್ ಕಟ್ಟುವ ಮುಕಾದಮನಿಂದ ಮುಂಗಡ ತಂದಾಗಿರುತ್ತದೆ. ಮಗು ತಿರುಗಿ ಶಾಲೆಗೆ ಬರುವ ಹೊತ್ತಿಗೆ ವಾರ್ಷಿಕ ಪರೀಕ್ಷೆ ಬಾಗಿಲಲ್ಲಿ ಇರುತ್ತದೆ. ಕಾಟಾದ ಮೇಲೆ ಇಬ್ಬರೂ ಒಂದೇ ದಿನ ಹತ್ತುತ್ತಾರೆ.

‘ಮನಸ್ಸು ಮಾಡಿದರೆ ಬಡವರ ಮಕ್ಕಳೂ ಬರುತ್ತಾರೆ, ನೋಡಿ’ ಎಂದು ಯಾರಾದರೂ ಬೆರಳು ತೋರಿಸುತ್ತಾರೆ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 625 ತೆಗೆದು ರಾಜ್ಯಕ್ಕೇ ಮೊದಲು ಬಂದವಳು ಬಾಗಲಕೋಟೆ ಜಿಲ್ಲೆಯ ರೈತರ ಮಗಳು. ಹೆಮ್ಮೆಯ ಮಾತೇ. ಆದರೆ ಆಕೆ ಓದಿದ್ದು ಸರ್ಕಾರಿ ವಸತಿ ಶಾಲೆಯಲ್ಲಿ. ಹಾಸಿಗೆ, ಊಟ, ಓದಲು ದೀಪ, ಕೈಗೆ ಸಿಗುವ ಮಾಸ್ತರು ಎಲ್ಲವೂ ಒಂದೇ ಕಾಂಪೌಂಡಿನೊಳಗೆ. ಮನಸ್ಸು ಮಾಡಿದ್ದು ಆಕೆ ಒಬ್ಬಳೇ ಅಲ್ಲ, ಸರ್ಕಾರವೂ ಸ್ವಲ್ಪ ಮಾಡಿತ್ತು. ಆ ವರ್ಷದ ಫಲಿತಾಂಶವೇ ಒಂದು ಪಾಠ. ಪರೀಕ್ಷಾ ಕೇಂದ್ರಗಳಿಗೆ ವೆಬ್ ಕ್ಯಾಮೆರಾ ಹಾಕಿದರು; ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಉಡುಪಿ ಶೇ 94, ಯಾದಗಿರಿ ಶೇ 50.59. ಯಾದಗಿರಿಯ ಮಕ್ಕಳ ತಲೆಯಲ್ಲಿ ಉಡುಪಿಯ ಮಕ್ಕಳ ಅರ್ಧದಷ್ಟೇ ಬುದ್ಧಿ ಇದೆ ಎಂದು ಯಾರೂ ನಂಬುವುದಿಲ್ಲ. ಜಿಲ್ಲೆಗಳ ಮಾತು ಬಂದಾಗ ಶಾಲೆ, ಶಿಕ್ಷಕರು, ಬಡತನ ಎಂದು ಕಾರಣ ಹುಡುಕುವ ನಾವು ಒಂದು ಮಗುವಿನ ಮಾತು ಬಂದಾಗ ‘ಓದಲಿಲ್ಲ’ ಎಂದು ಒಂದೇ ಮಾತಿಗೆ ಮುಗಿಸುತ್ತೇವೆ.

ಯಾದಗಿರಿ ಎಂದಾಗ ನಮ್ಮ ಗಡಿಯ ಒಂದು ವಿಚಿತ್ರ ಹೇಳಬೇಕು. ತಾಳಿಕೋಟೆ ವಿಜಯಪುರ ಜಿಲ್ಲೆ, ಹುಣಸಗಿ ಯಾದಗಿರಿ ಜಿಲ್ಲೆ. ನಡುವೆ ಹೊಲಗಳಷ್ಟೇ. ಅದೇ ಬಿಸಿಲು, ಅದೇ ಜೋಳದ ರೊಟ್ಟಿ, ಎಷ್ಟೋ ಮನೆಗಳಲ್ಲಿ ಬೀಗತನ. ಆದರೆ ಒಂದು ಕಡೆ ಹಳೆಯ ಮುಂಬಯಿ ಪ್ರಾಂತ, ಇನ್ನೊಂದು ಕಡೆ ನಿಜಾಮನ ಹೈದರಾಬಾದು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ಪ್ರಕಾರ ಹುಣಸಗಿಯ ಹುಡುಗನಿಗೆ ಆ ಭಾಗದ ಕಾಲೇಜು ಸೀಟುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಮೀಸಲು. ತಾಳಿಕೋಟೆಯ ಹುಡುಗನಿಗೆ ಇಲ್ಲ. ನಾನು 371ಜೆ ವಿರೋಧಿಯಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತಿ ಹಿಂದುಳಿದವು ಎಂದು ಎಣಿಸಿ ಕೊಟ್ಟಮೇಲೂ ಏನೂ ಮಾಡದೆ ಇದ್ದರೆ ಅದೇ ಅನ್ಯಾಯವಾಗುತ್ತಿತ್ತು. ನಾನು ಹೇಳುವುದಿಷ್ಟೇ: ಒಬ್ಬನ ರ್‍ಯಾಂಕು ಸೀಟಾಗುವುದೂ ಆಗದೆ ಹೋಗುವುದೂ ಅವನ ಮುತ್ತಜ್ಜ ಯಾವ ದೊರೆಗೆ ಕಂದಾಯ ಕಟ್ಟುತ್ತಿದ್ದ ಎಂಬುದರ ಮೇಲೂ ನಿಂತಿದೆ.

ಬೋರ್ಡಿಂಗಿನ ಋಣ

ಮೆರಿಟ್ ಎಂಬುದು ಒಬ್ಬೊಬ್ಬರ ತಲೆಯೊಳಗಿನ ಸರಕಲ್ಲ, ಅದನ್ನು ಬೆಳೆಸಬೇಕು ಎಂಬುದು ಈ ಭಾಗದ ಹಿರಿಯರಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಬೆಳಗಾವಿಯ ಪಕ್ಕದ ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹು ಮಹಾರಾಜರು 1902ರ ಜುಲೈ 26ರಂದು ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಅರ್ಧ ಮೀಸಲಿಟ್ಟರು. ಅದಕ್ಕಿಂತ ದೊಡ್ಡ ಕೆಲಸವೆಂದರೆ ಬೇರೆ ಬೇರೆ ಸಮುದಾಯದ ಹುಡುಗರಿಗೆ ಬೋರ್ಡಿಂಗುಗಳನ್ನು ಕಟ್ಟಿಸಿದ್ದು. ಹುದ್ದೆ ಇಟ್ಟರೆ ಸಾಲದು, ಹುದ್ದೆಗೆ ಬರುವ ಹುಡುಗನಿಗೆ ಅನ್ನ, ನೆರಳು ಬೇಕು ಎಂಬ ತಿಳಿವಳಿಕೆ. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ, 1910ರಲ್ಲಿ ವಿಜಯಪುರದಲ್ಲಿ ವಕೀಲ ಫ.ಗು. ಹಳಕಟ್ಟಿಯವರ ಮುಂದಾಳತ್ವದಲ್ಲಿ ಬಿಎಲ್‌ಡಿಇ, 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರಿಂದ ಕೆಎಲ್‌ಇ. ಈ ಮೂರೂ ಶಿಕ್ಷಣ ಸಂಸ್ಥೆಗಳು ಹುಟ್ಟಿದ್ದು ಒಂದೇ ಕಾರಣಕ್ಕೆ: ಒಕ್ಕಲುತನದ ಮನೆಗಳ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದದ್ದು ದಡ್ಡತನದಿಂದಲ್ಲ, ಶಾಲೆ ಇಲ್ಲದ್ದರಿಂದ ಎಂದು ಆ ಹಿರಿಯರು ಹೇಳಿದರು. ದಾನಿಗಳು ಹೊಲ ಬರೆದುಕೊಟ್ಟರು, ಮಠಗಳು ಪ್ರಸಾದ ನಿಲಯ ತೆರೆದವು. 1925ರ ಏಪ್ರಿಲಿನಲ್ಲಿ ನಿಪ್ಪಾಣಿಗೆ ಬಂದ ಅಂಬೇಡ್ಕರರು ಆ ಬಾಗಿಲುಗಳೂ ತೆರೆಯದಿದ್ದ ಜನರ ನಡುವೆ ನಿಂತು ಮಾತಾಡಿದ್ದರು.

ಆ ಬೋರ್ಡಿಂಗಿನಲ್ಲಿ ಉಂಡು ಮೇಲೆ ಬಂದವರ ಮೊಮ್ಮಕ್ಕಳು ಇಂದು ಮನೆಯ ಮೊಗಸಾಲೆಯಲ್ಲಿ ಕೂತು ‘ರಿಸರ್ವೇಶನ್ ಬಂದು ಮೆರಿಟ್ ಸತ್ತುಹೋತು’ ಎನ್ನುವುದನ್ನು ಕೇಳಿದ್ದೇನೆ. ಅಜ್ಜನಿಗೆ ಸಿಕ್ಕ ಕೈ ಆಸರೆ ಮೂರನೇ ತಲೆಮಾರಿಗೆ ರಕ್ತದಲ್ಲಿ ಬಂದ ಬುದ್ಧಿಯಂತೆ ಕಾಣತೊಡಗುತ್ತದೆ.

ಈ ವಾದದಲ್ಲಿ ಸುಪ್ರೀಂ ಕೋರ್ಟು ಈಚೆಗೆ ಎರಡು ಸಲ ಸ್ಪಷ್ಟ ಮಾತಾಡಿದೆ. ಬಡ್ತಿ ಮೀಸಲಾತಿಗೆ ಸಂಬಂಧಿಸಿದ ಕರ್ನಾಟಕದ್ದೇ ಕಾಯ್ದೆಯನ್ನು 2019ರ ಮೇ ತಿಂಗಳಲ್ಲಿ ಎತ್ತಿಹಿಡಿಯುವಾಗ, ಪರೀಕ್ಷೆಯ ರ್‍ಯಾಂಕಷ್ಟೇ ಅರ್ಹತೆಯಲ್ಲ, ಸಮಾಜದ ಎಲ್ಲರೂ ಇರುವ ಆಡಳಿತವೇ ದಕ್ಷ ಆಡಳಿತ ಎಂಬ ಅರ್ಥದ ಮಾತು ಹೇಳಿತು. 2022ರ ಜನವರಿಯಲ್ಲಿ ವೈದ್ಯಕೀಯ ಸೀಟುಗಳ ಹಿಂದುಳಿದ ವರ್ಗದ ಮೀಸಲಾತಿ ಪ್ರಕರಣದಲ್ಲಿ, ತಲೆಮಾರುಗಳಿಂದ ಬಂದ ಅನುಕೂಲವನ್ನು ಸ್ಪರ್ಧಾತ್ಮಕ ಪರೀಕ್ಷೆ ತೋರಿಸುವುದಿಲ್ಲ ಎಂದಿತು. ಕೋರ್ಟಿನ ಮಾತು ಮೊಗಸಾಲೆಗೆ ತಲುಪಲು ಇನ್ನೂ ಹೊತ್ತಿದೆ.

ಇನ್ನೂ ಒಂದು ತಮಾಷೆ. 2023ರ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ವೈದ್ಯಕೀಯ ಸೀಟುಗಳು ಖಾಲಿ ಉಳಿದಾಗ ನೀಟ್ ಪಿಜಿಯ ಅರ್ಹತೆಯನ್ನು ಎಲ್ಲ ವರ್ಗಕ್ಕೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಲಾಯಿತು. ಪರೀಕ್ಷೆ ಬರೆದವರೆಲ್ಲ ಅರ್ಹರು! ಬಡವನ ಮಗ ಎರಡು ಅಂಕ ಕಡಿಮೆಯಾಗಿ ಒಳಗೆ ಬಂದರೆ ‘ನಾಳೆ ಆಪರೇಶನ್ ಮಾಡುವವನು ಇವನೇ’ ಎಂದು ಬೆದರಿಸುವವರು ಆಗ ಎಲ್ಲಿದ್ದರೋ. ದುಬಾರಿ ಖಾಸಗಿ ಸೀಟು ತುಂಬುವ ಮಾತು ಬಂದಾಗ ಕಾಟಾದ ಮುಳ್ಳನ್ನು ಕೈಯಿಂದಲೇ ತಿರುಗಿಸಬಹುದು ಎಂದಾಯಿತು.

ಇಪ್ಪತ್ತೇಳು ಸಾವಿರದ ಗೆರೆ

ಇಷ್ಟೆಲ್ಲ ಗೊತ್ತಿದ್ದೂ ನಮ್ಮಕ್ಕನ ಮಗ ಯಾಕೆ ರೂಮು ಬಿಟ್ಟು ಬರುವುದಿಲ್ಲ? ಅವನೇನು ಹುಚ್ಚನಲ್ಲ. 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರಿ ನೌಕರನ ಕನಿಷ್ಠ ಮೂಲ ವೇತನ 27,000 ರೂಪಾಯಿ. ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ. ಅವನ ಜೊತೆಗೇ ಓದಿ ಬಿಎಡ್ ಮಾಡಿದವನು ತಾಲೂಕಿನ ಖಾಸಗಿ ಶಾಲೆಯೊಂದರಲ್ಲಿ ದಿನಕ್ಕೆ ಆರು ಪೀರಿಯಡ್ ಪಾಠ ಮಾಡಿ ಒಂಬತ್ತು ಸಾವಿರ ತರುತ್ತಾನೆ, ಏಪ್ರಿಲ್ ಮೇ ಅದೂ ಇಲ್ಲ. ಪಟ್ಟಿಯ 545ನೆಯವನಿಗೂ 546ನೆಯವನಿಗೂ ಬುದ್ಧಿಯಲ್ಲಿ ಕೂದಲೆಳೆಯ ಅಂತರ, ಬದುಕಿನಲ್ಲಿ ಹೊಳೆಯ ಅಗಲ. ಬಹುಮಾನಗಳ ನಡುವಿನ ಅಂತರ ಇಷ್ಟು ದೊಡ್ಡದಿದ್ದಾಗ ಓಟ ಕ್ರೂರವಾಗದೆ ಇನ್ನೇನಾದೀತು? ಪೇಪರ್ ಸೋರಿಕೆಗೆ ಲಕ್ಷಗಟ್ಟಲೆ ಕೊಡುವವರು ಹುಟ್ಟುವುದೂ ಇದೇ ಅಂತರದೊಳಗೆ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆ ಖಾಲಿ ಇವೆ. ಅವನ್ನು ತುಂಬದೆ ಪರೀಕ್ಷೆಯನ್ನಷ್ಟೇ ಬಿಗಿ ಮಾಡುವುದೆಂದರೆ ಕಾಳು ತುಂಬಿದ ಹಗೇವಿಗೆ ಬೀಗ ಹಾಕಿ ಅಳೆಯುವ ಕೊಳಗವನ್ನು ತಿಕ್ಕಿ ತೊಳೆದಂತೆ.

ಅಂತರ ಸಂಬಳದಲ್ಲಷ್ಟೇ ಇಲ್ಲ. ಕಾಯಕದ ಬಗ್ಗೆ ಭಾಷಣ ಕೇಳಬೇಕೆಂದರೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗವಿಲ್ಲ. ಬಸವನ ಬಾಗೇವಾಡಿ ಇಲ್ಲೇ ಇದೆ. ಅದೇ ವೇದಿಕೆಯಿಂದ ಇಳಿದು ಬಂದವರು ಮಗಳಿಗೆ ಗಂಡು ನೋಡುವಾಗ ಕೇಳುವ ಮೊದಲ ಪ್ರಶ್ನೆ ‘ನೌಕರಿ ಐತೇನು?’ ಎಂಟು ಎಕರೆ ತೋಟ ಇದ್ದವನು ಮೂವತ್ತೈದಾದರೂ ಒಂಟಿ. ಹೆಣ್ಣಿನ ಮನೆಯವರನ್ನು ಬೈಯುವುದು ಸುಲಭ. ಆದರೆ ಬೆಲೆ ಬಿದ್ದು ಉಳ್ಳಾಗಡ್ಡಿಯನ್ನು ರಸ್ತೆಗೆ ಸುರಿಯುವುದನ್ನು ಕಣ್ಣಾರೆ ಕಂಡ ತಾಯಿ ಮಗಳನ್ನು ಆ ಮನೆಗೆ ಕೊಡಲು ಹಿಂಜರಿದರೆ ಅವಳ ಲೆಕ್ಕವೂ ತಪ್ಪಲ್ಲ.

ನಮ್ಮ ಕಡೆ ‘ಶಾಣ್ಯಾ’ ಎಂಬ ಮಾತಿದೆ. ನನ್ನ ಅಜ್ಜಿ ಅದನ್ನು ಯಾರಿಗೆ ಬಳಸುತ್ತಿದ್ದಳೆಂದು ಯೋಚಿಸುತ್ತೇನೆ. ಮೋಡ ನೋಡಿ ಬಿತ್ತಿಗೆ ಹೇಳುವವನು ಶಾಣ್ಯಾ. ಇಬ್ಬರ ಜಗಳವನ್ನು ಪಂಚಾಯಿತಿಗೆ ಹೋಗಗೊಡದೆ ಕಟ್ಟೆಯಲ್ಲೇ ಮುಗಿಸುವವಳು ಶಾಣ್ಯಾ ಹೆಣ್ಮಗಳು. ಈಗ ಆ ಶಬ್ದ ಮಾರ್ಕ್ಸ್ ಕಾರ್ಡಿಗೆ ಅಂಟಿಕೊಂಡು ಕೂತಿದೆ. ಇಳಕಲ್ಲಿನ ಮಗ್ಗದಲ್ಲಿ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಸಾವಿರಾರು ಎಳೆಗಳಲ್ಲಿ ಒಂದು ತಪ್ಪಿದರೂ ಸೆರಗಿನಲ್ಲಿ ಗೊತ್ತಾಗುತ್ತದೆ. ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನೇಯುವ ಬೆರಳಿಗೆ ಮಾನ್ಯತೆ ಕೊಡುವ ಪರೀಕ್ಷೆ ಮಾತ್ರ ಯಾವುದೂ ಇಲ್ಲ. ಆ ನೇಕಾರನೇ ಮಗನಿಗೆ ‘ಓದದಿದ್ರ ಮಗ್ಗಕ್ಕ ಕೂರಿಸ್ತೀನಿ ನೋಡು’ ಎಂದು ಹೆದರಿಸುತ್ತಾನೆ. ತನ್ನ ಕೈಕಸುಬನ್ನು ತಾನೇ ಶಿಕ್ಷೆಯ ಹೆಸರಾಗಿ ಬಳಸಬೇಕಾದ ಸ್ಥಿತಿ.

ಗೆದ್ದವರಿಗೂ ಇದರಿಂದ ಒಂದು ಕೇಡಿದೆ, ಅದನ್ನು ಕಚೇರಿಗಳಲ್ಲಿ ನೋಡಬಹುದು. ‘ನಾ ಓದಿ ಬಂದೀನಿ, ನಿಮ್ಮಂಗ ಅಲ್ಲ’ ಎಂದು ಅರವತ್ತು ವರ್ಷದ ರೈತನಿಗೆ ಇಪ್ಪತ್ತಾರರ ಹುಡುಗ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆ ಹುಡುಗನ ಅಪ್ಪನೂ ರೈತನೇ. ಲಂಚ ಕೊಟ್ಟು ಬಂದವನಿಗಾದರೂ ಒಳಗೊಳಗೆ ಅಳುಕು ಇರುತ್ತದೆ. ಮೆರಿಟಿನಿಂದ ಬಂದವನಿಗೆ ಅದೂ ಇಲ್ಲ.

ಹಾಗಾದರೆ ಪರೀಕ್ಷೆ ಬೇಡವೇ ಎಂದು ಕೇಳುತ್ತೀರಿ. ಬೇಕು. ಸರ್ಜನ್ ಆಗುವವನಿಗೆ ಕೈ ನೆಟ್ಟಗಿರಬೇಕು, ಪಿಎಸ್‌ಐಗೆ ಕಾನೂನು ಗೊತ್ತಿರಬೇಕು. ಆದರೆ ನಮ್ಮ ಜಾತ್ರೆಗಳಲ್ಲೇ ಎರಡು ಬಗೆಯ ಸ್ಪರ್ಧೆಗಳಿವೆ. ಓಟದಲ್ಲಿ ಒಬ್ಬನೇ ಮೊದಲು. ಸಂಗ್ರಾಣಿ ಕಲ್ಲಿನಲ್ಲಿ ಹಾಗಲ್ಲ. ಕಲ್ಲಿನ ತೂಕ ಗೊತ್ತಿದೆ, ಎತ್ತಿದವನು ಎತ್ತಿದ. ಹತ್ತು ಜನ ಎತ್ತಿದರೆ ಹತ್ತೂ ಜನ ಗಟ್ಟಿಗರೇ. ಹುದ್ದೆಗೆ ಬೇಕಾದ ಅರ್ಹತೆ ಕಲ್ಲಿನಂಥದ್ದು. ನಾವು ಅದನ್ನು ಓಟವಾಗಿ ಮಾಡಿ, ಅರ್ಧ ಅಂಕಕ್ಕೆ ಮನುಷ್ಯರನ್ನು ಜರಡಿ ಹಿಡಿಯುತ್ತೇವೆ.

ಕಲ್ಲು ಎತ್ತಿದವರು ಹತ್ತು ಜನ, ಜಾಗ ಇರುವುದು ಮೂರು ಎಂದಾಗ? ಚೀಟಿ ಎತ್ತಬಹುದು. ನಗಬೇಡಿ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ನಾವು ಮಾಡುವುದು ಇದನ್ನೇ. ಮೊದಲು ಹಿರಿಯರು ಸಾಧ್ಯವಾದಷ್ಟು ಸಮನಾಗಿ ಪಾಲು ಹಾಕುತ್ತಾರೆ, ಆಮೇಲೆ ಮನೆಯ ಸಣ್ಣ ಮಗುವಿನ ಕೈಯಿಂದ ಚೀಟಿ ಎತ್ತಿಸುತ್ತಾರೆ. ಬಾವಿ ಇಲ್ಲದ ಪಾಲು ಬಂದವನು ಬೇಸರ ಮಾಡಿಕೊಳ್ಳುತ್ತಾನೆ. ಆದರೆ ಅವನು ಯೋಗ್ಯತೆ ಇಲ್ಲದವನು ಎಂದು ಅಣ್ಣ ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25ರ ಸೀಟುಗಳಿಗೆ ಕರ್ನಾಟಕ ವರ್ಷಗಟ್ಟಲೆ ಲಾಟರಿಯಲ್ಲೇ ಮಕ್ಕಳನ್ನು ಆರಿಸಿತು. ಸಮೀಪದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಸೀಟಿಲ್ಲ ಎಂದು 2019ರಲ್ಲಿ ನಿಯಮ ಬದಲಾಗಿ ಆ ಸೀಟುಗಳೇ ಬತ್ತಿದವು, ಅದು ಬೇರೆ ಕತೆ. ಲಾಟರಿಯಲ್ಲಿ ಸೀಟು ಸಿಗದ ಮಗುವನ್ನು ಯಾರಾದರೂ ದಡ್ಡ ಎಂದರೇ?

ಇದಕ್ಕೆ ಬರುವ ದೊಡ್ಡ ಆಕ್ಷೇಪ: ಹಾಗಾದರೆ ಯಾರು ಕಷ್ಟಪಟ್ಟು ಓದುತ್ತಾರೆ? ಕಲ್ಲು ಎತ್ತುವಷ್ಟು ಓದಲೇಬೇಕು, ಅದೇನೂ ಹಗುರ ಕಲ್ಲಲ್ಲ. ಐದು ವರ್ಷ ರೂಮಿನಲ್ಲಿ ಕೂತು ಯಾವ ಕದನ ಯಾವ ಇಸವಿ ಎಂದು ಉರು ಹೊಡೆಯುವುದು ಮಾತ್ರ ತಪ್ಪುತ್ತದೆ. ಆ ಓದಿನಿಂದ ಹುದ್ದೆಗೆ ಬಂದಮೇಲೆ ಯಾರಿಗೆ ಏನು ಉಪಯೋಗವಾಯಿತೆಂದು ನನಗೆ ಇನ್ನೂ ಯಾರೂ ವಿವರಿಸಿಲ್ಲ. ಇನ್ನೊಂದು ಆಕ್ಷೇಪ ಗಟ್ಟಿ ಇದೆ: ಚೀಟಿಯಲ್ಲೂ ಕೈಚಳಕ ನಡೆಯುತ್ತದೆ, ನಮ್ಮ ದೇಶದಲ್ಲಿ ಏನನ್ನು ನಂಬುವುದು? ಒಪ್ಪುತ್ತೇನೆ. ಕಾಟಾ ಹೊಡೆಯುವವನು ಚೀಟಿಯನ್ನೂ ಹೊಡೆಯುತ್ತಾನೆ. ಹಾಗಾಗಿ ಚೀಟಿಗಿಂತ ಮೊದಲು ಪಾಲುಗಳನ್ನು ಸಮ ಮಾಡುವ ಕೆಲಸವೇ ದೊಡ್ಡದು. ಖಾಸಗಿ ಶಾಲೆಯ ಮಾಸ್ತರನ ಒಂಬತ್ತು ಸಾವಿರ ಇಪ್ಪತ್ತಾದರೆ, ಉಳ್ಳಾಗಡ್ಡಿಗೆ ಭರವಸೆಯ ಬೆಲೆ ಸಿಕ್ಕರೆ, ರೂಮುಗಳು ತಾವಾಗಿಯೇ ಅರ್ಧ ಖಾಲಿಯಾಗುತ್ತವೆ.

ರೂಮಿನ ಖರ್ಚು ಎಲ್ಲಿಂದ ಬರುತ್ತದೆಂದು ಹೇಳುವುದು ಬಾಕಿ ಇತ್ತು. ನಮ್ಮಕ್ಕನಿಗೆ ಇನ್ನೊಬ್ಬ ಮಗನಿದ್ದಾನೆ, ಸಣ್ಣವನು. ಪಿಯುಸಿಯಲ್ಲಿ ಎರಡು ಸಲ ಫೇಲು. ಟಿಕೋಟಾ ಕಡೆ ಅವರದು ಎರಡೆಕರೆ ದ್ರಾಕ್ಷಿ ತೋಟ. ಬಳ್ಳಿ ಸವರುವ ಚಾಟ್ನಿ ಏಪ್ರಿಲಿನದೊಂದು, ಅಕ್ಟೋಬರಿನದೊಂದು; ಯಾವ ಕಡ್ಡಿಯನ್ನು ಎಷ್ಟು ಕಣ್ಣಿಗೆ ಕತ್ತರಿಸಬೇಕು, ಇಬ್ಬನಿ ಬಿದ್ದ ರಾತ್ರಿ ಯಾವ ಔಷಧಿ ಹೊಡೆಯಬೇಕು, ಟ್ಯಾಂಕರ್ ನೀರು ಎಷ್ಟು ದಿನ ಹೊಂಚಬೇಕು, ಶೆಡ್ಡಿನಲ್ಲಿ ಒಣದ್ರಾಕ್ಷಿಯನ್ನು ಎಂದು ಇಳಿಸಬೇಕು, ಎಲ್ಲ ಅವನದೇ ತೀರ್ಮಾನ. ಅಕ್ಕಪಕ್ಕದ ತೋಟದವರು ಅವನನ್ನು ಕೇಳಿಕೊಂಡು ಔಷಧಿ ತರುತ್ತಾರೆ. ಅಣ್ಣನ ರೂಮಿಗೆ ಪ್ರತಿ ತಿಂಗಳು ಫೋನ್‌ಪೇ ಮಾಡುವವನೂ ಅವನೇ.

ಮೊನ್ನೆ ನಾನು ಅಲ್ಲಿದ್ದಾಗ ಯಾರೋ ಬೀಗರ ಕಡೆಯವರು ಬಂದಿದ್ದರು. ಚಹಾ ಕುಡಿಯುತ್ತ ಮಕ್ಕಳೆಷ್ಟು, ಏನು ಮಾಡುತ್ತಾರೆ ಎಂದು ಕೇಳಿದರು. ಸಣ್ಣವನು ಆಗಷ್ಟೇ ತೋಟದಿಂದ ಬಂದು, ಕೈಯಲ್ಲಿ ಕತ್ತರಿ ಹಿಡಿದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ.

‘ದೊಡ್ಡಾಂವ ಬಿಜಾಪುರದಾಗ ಓದ್ತಾನ್ರಿ, ಪಿಎಸ್‌ಐಕ್ಕ’ ಎಂದರು ನಮ್ಮ ಭಾವ. ‘ಸಣ್ಣಾಂವ ಏನಿಲ್ರಿ, ಮನ್ಯಾಗ ಇರ್ತಾನ.’